ತಂಗಿಯ ಹೊಲಕ್ಕೆ ಒಯ್ದ ಮಣ್ಣು

ಹತ್ತೊಂಬತ್ತು ನೂರಾ ತೊಂಬತ್ತೊಂದರಲ್ಲಿ, ಎಂಟನೆಯ ತರಗತಿಯ ಅರ್ಧಕ್ಕೆ, ನಾನು ಸಾಲಿ ಬಿಟ್ಟೆ. ತೆಲುಗು ನಾಡಿಗೆ ಸೇರಿದ ಮಕ್ತಲ್ ಕಡೆಯ ನಮ್ಮೂರಿನಲ್ಲಿ ಕನ್ನಡ ಸಾಲಿ ಏಳರವರೆಗೆ ಮಾತ್ರ ಇತ್ತು, ಎಂಟಕ್ಕೆ ಹೋದರೆ ಎಲ್ಲ ತೆಲುಗು. ಆಡುವ ತೆಲುಗು ಬರುತ್ತಿತ್ತು, ಹಲಗೆಯ ಮೇಲಿನ ತೆಲುಗು ಬರುತ್ತಿರಲಿಲ್ಲ. ಕಿಟಕಿಯಾಚೆ ಯಾರದೋ ಹೊಲದಲ್ಲಿ ಕುಂಟೆ ನಡೆದಿರುತ್ತಿತ್ತು, ಅದು ನನಗೆ ಪೂರ್ತಿ ಅರ್ಥವಾಗುತ್ತಿತ್ತು. ಒಂದು ದಿನ ಪಾಟಿಚೀಲ ಗೂಟಕ್ಕೆ ಹಾಕಿದೆ. ಅಪ್ಪ ಎತ್ತಿನ ಹಗ್ಗ ಕೈಗೆ ಕೊಟ್ಟ. ಅಂದಿನಿಂದ ನಾನು ಒಬ್ಬರ ಹೊಲದಲ್ಲಿ ಕೂಲಿಗೆ ನಿಂತವನಲ್ಲ, ಒಬ್ಬರ ಮುಂದೆ ಬೀಜಕ್ಕೆ ಕೈ ಚಾಚಿದವನಲ್ಲ. ಹೆಮ್ಮೆಯಿಂದ ಹೇಳುತ್ತಿದ್ದಾನೆ ಎಂದುಕೊಂಡರೆ ಅಂದುಕೊಳ್ಳಿ. ಹೆಮ್ಮೆಯೇ ಅದು. ಅದು ನನ್ನಿಂದ ಮಾಡಿಸಿದ ಕೆಲಸವನ್ನೂ ನಾನೇ ಹೇಳಬೇಕು.

ಮೊನ್ನೆ ಮಕ್ತಲ್ ಬಸ್‌ಸ್ಟ್ಯಾಂಡಿನ ಹತ್ತಿರ ಸಸಿ ಮಾರುವವನೊಬ್ಬ ಗೋಣಿಚೀಲದಿಂದ ಹಸಿ ಕರಿಮಣ್ಣು ಸುರಿಯುತ್ತಿದ್ದ. ಮಳೆ ಬಿದ್ದಾಗ ಏಳುವ ವಾಸನೆಯೇ ಬೇರೆ. ತೊಯ್ದ ಗೋಣಿಯೊಳಗೆ ಕಟ್ಟಿಟ್ಟ ಮಣ್ಣಿಗೆ ಬೇರು, ಅಣಬೆ, ಕೊಳೆತ ಎಲೆ ಎಲ್ಲ ಕೂಡಿದ ಒಂದು ಮಂದ ವಾಸನೆ ಇರುತ್ತದೆ. ನನ್ನ ಕಾಲು ನಿಂತವು. ಹತ್ತಬೇಕಾಗಿದ್ದ ಬಸ್ಸು ಹೋಯಿತು. ಗದ್ವಾಲದಾಚೆಯ ಗಟ್ಟು ಎಂಬ ಊರಿನ ಹತ್ತಿರದ ಆ ಮೂರು ಎಕರೆ ಕೆಂಪು ಹೊಲ, ಅದರಲ್ಲಿ ಹೂ ಹೊತ್ತುಕೊಂಡೇ ಬಾಡುತ್ತಿದ್ದ ತೊಗರಿ, ಬದುವಿನ ಮೇಲೆ ನಿಂತ ನನ್ನ ತಂಗಿ ಮಲ್ಲಮ್ಮ, ಇವೆಲ್ಲ ಕಣ್ಣ ಮುಂದೆ ಬಂದವು. ನಾಲ್ಕು ವರ್ಷದ ಹಿಂದಿನ ಆ ಕಾರ್ತಿಕ, ಆ ಎಳ್ಳಮಾಸೆ.

ಅದಕ್ಕೂ ಹಿಂದಿನದನ್ನು ಸ್ವಲ್ಪ ಹೇಳದಿದ್ದರೆ ಇದು ತಿಳಿಯುವುದಿಲ್ಲ.

ಅಪ್ಪನ ಕಾಲದಲ್ಲಿ ನಮ್ಮ ನಾಲ್ಕು ಎಕರೆ ಕರಿ ಹೊಲಕ್ಕೆ ಒಂದು ಸರತಿ ಇತ್ತು. ಒಂದು ವರ್ಷ ಜೋಳ, ನಡುನಡುವೆ ತೊಗರಿಯ ಅಕ್ಕಡಿ ಸಾಲು. ಮರುವರ್ಷ ಔಡಲ ಇಲ್ಲವೆ ಕಡಲೆ. ಆಮೇಲೆ ಮತ್ತೆ ಜೋಳ. ಅಪ್ಪ ಸತ್ತ ಮೇಲೆ ಜೋಳ ನನಗೆ ಭಾರವಾಯಿತು. ಹಕ್ಕಿ ಕಾಯಬೇಕು, ಬಗ್ಗಿ ಕೊಯ್ಯಬೇಕು, ಮನೆಯಲ್ಲಿ ತಿನ್ನುವವರೂ ಕಡಿಮೆ. ತೊಗರಿ ಹಾಗಲ್ಲ. ಅದರ ಬೇರಿನ ಗಂಟುಗಳು ಗಾಳಿಯ ಸಾರವನ್ನು ನೆಲಕ್ಕೆ ಇಳಿಸುತ್ತವೆ, ಎಲೆ ಉದುರಿ ತಾನೇ ಗೊಬ್ಬರವಾಗುತ್ತದೆ. ನೆಲಕ್ಕೆ ಕೊಡುವ ಬೆಳೆ ಅದು, ಬರೀ ಅದನ್ನೇ ಹಾಕಿದರೆ ನೆಲ ಬಲಿಯುತ್ತದೆಯೇ ಹೊರತು ಸೊರಗುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಆರು ವರ್ಷ ತೊಗರಿಯ ಮೇಲೆ ತೊಗರಿ. ಗಿಡ ನನ್ನ ತಲೆಗಿಂತ ಎತ್ತರ ಬಂದವು. ನಾರಾಯಣಪೇಟೆಯ ಬಜಾರಿನಲ್ಲಿ ನನ್ನ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು, “ಇದು ಮಾಳಪ್ಪನ ಹೊಲದ್ದಲ್ಲೇನು?” ಎಂದು ಕೇಳುವವರಿದ್ದರು.

ನಮ್ಮಲ್ಲಿ ಒಂದು ರೂಢಿ ಇದೆ. ಹೊಸ ನೆಲಕ್ಕೆ ತೊಗರಿ ಹಾಕುವವರು, ತೊಗರಿ ಚೆನ್ನಾಗಿ ಬಂದ ಹೊಲದಿಂದ ಒಂದು ಬುಟ್ಟಿ ಹಸಿ ಮಣ್ಣು ಒಯ್ದು ಬೀಜಕ್ಕೆ ಬೆರೆಸುತ್ತಾರೆ. ಗಂಟು ಕಟ್ಟುವ ಜೀವ ಆ ಮಣ್ಣಿನಲ್ಲಿ ಹೋಗುತ್ತದೆ. ಬಿಸಿಲು ತಾಗಿದರೆ ಸಾಯುತ್ತದೆಂದು ತೊಯ್ದ ಗೋಣಿ ಮುಚ್ಚಿ ಒಯ್ಯಬೇಕು. ನನ್ನ ಹೊಲಕ್ಕೆ ಹೀಗೆ ಬುಟ್ಟಿ ಹಿಡಿದು ಬರುವವರನ್ನು ಕಂಡರೆ ನನಗೆ ಮೀಸೆಯ ಮೇಲೆ ಕೈ ಹೋಗುತ್ತಿತ್ತು.

ಮಲ್ಲಮ್ಮನ ಗಂಡ ನರಸಪ್ಪನ ಮನೆಯವರು ಬೀಜದ ಹತ್ತಿ, ಅಂದರೆ ಕಂಪನಿಗಳಿಗೆ ಬಿತ್ತನೆ ಬೀಜ ಮಾಡಿಕೊಡುವ ಹತ್ತಿ, ಬೆಳೆಯುವವರು. ಗದ್ವಾಲ ಕಡೆ ಇದು ಬಹಳ. ಮಧ್ಯಾಹ್ನವೆಲ್ಲ ಒಂದೊಂದು ಮೊಗ್ಗನ್ನೂ ಉಗುರಿನಿಂದ ಬಿಡಿಸಿ ಗಂಡು ಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಸವರಬೇಕು. ಮನೆಯ ಹೆಂಗಸರು ತಿಂಗಳುಗಟ್ಟಲೆ ಸಾಲಿನಲ್ಲೇ ಇರಬೇಕು, ಮೇಲಿಂದ ಮೇಲೆ ಹೊಡೆಯುವ ಔಷಧದ ನಡುವೆ. ಮಲ್ಲಮ್ಮನಿಗೆ ಆ ಔಷಧ ಆಗುತ್ತಿರಲಿಲ್ಲ. ಮೊಣಕೈವರೆಗೆ ಚರ್ಮ ಬಿರಿದು ನೀರು ಸುರಿಯುತ್ತಿತ್ತು, ರೊಟ್ಟಿ ಬಡಿಯುವಾಗ ಹಿಟ್ಟಿಗೆ ರಕ್ತ ಹತ್ತುತ್ತಿತ್ತು. ಮೂರು ಎಕರೆಗೆ ತೊಗರಿ ಹಾಕೋಣ, ಆ ಕೆಲಸ ಬೇಡ ಎಂದು ಅವಳು ವರ್ಷಗಳಿಂದ ಕೇಳುತ್ತಿದ್ದಳು. ಕೊನೆಗೆ ನರಸಪ್ಪ, “ನಿಮ್ಮಣ್ಣನ ಹೊಲ ನೋಡಿ ಬರ್ತೀನಿ. ಛಲೋ ಇದ್ರ ನೋಡೂಣು. ಕೈ ಕೊಟ್ರ ಮತ್ತ ನೀ ಹತ್ತಿ ಸಾಲಿಗೆ. ಆಮ್ಯಾಗ ಈ ಮಾತು ಎತ್ತಬಾರ್ದು” ಎಂದ. ಅವಳು ಒಪ್ಪಿದಳು.

ಅವನು ಬರುವ ಹಿಂದಿನ ದಿನ ನಾನು ಹೊಲ ಸುತ್ತಿದೆ. ಬದುವಿನ ಕಡೆಯ ಮೂಲೆಯಲ್ಲಿ ಹನ್ನೊಂದು ಗಿಡ ಒಣಗಿ ನಿಂತಿದ್ದವು. ಸುತ್ತಲಿನ ಗಿಡ ಹಸಿರು, ಇವು ಹೂವಿನ ಸಮೇತ ಬಾಡಿ ಕಂದಿದ್ದವು. ಸಾಲಿನ ನಡುವೆ ಎಡೆ ಹೊಡೆಯುವಾಗ ಬೇರಿಗೆ ಪೆಟ್ಟಾಗಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದನ್ನೂ ಕಿತ್ತು ಬದುವಿನಾಚೆ ಮುಳ್ಳಿನೊಳಗೆ ಎಸೆದೆ. ಅತ್ತಿತ್ತ ನೋಡಿ ಎಸೆದೆ. ಪೆಟ್ಟಾದ ಗಿಡವನ್ನು ಯಾರೂ ಹಾಗೆ ಅತ್ತಿತ್ತ ನೋಡಿ ಎಸೆಯುವುದಿಲ್ಲ.

ನರಸಪ್ಪ ಬಂದ, ನೋಡಿದ, “ಬಾವಾ, ಇದರಾಗ ಆನಿ ಹೊಕ್ಕರೂ ಕಾಣಂಗಿಲ್ಲ ಬಿಡು” ಎಂದು ನಕ್ಕ, ಒಪ್ಪಿಕೊಂಡು ಹೋದ.

ಮುಂಗಾರಿನ ಮಿರಗದ ಮಳೆಗೆ ಮುಂಚೆ ಮಣ್ಣು ಕಳಿಸುವ ದಿನ ಬಂತು. ಒಡಹುಟ್ಟಿದವಳಿಗೆ ಒಂದು ಬುಟ್ಟಿ ಏನು ಕಳಿಸುವುದು? ಟ್ರ್ಯಾಕ್ಟರ್ ತರಿಸಿ ಒಂದು ಟ್ರಾಲಿ ತುಂಬಿದೆ. ಅವ್ವ ಬಾಗಿಲಲ್ಲಿ ನಿಂತು, “ಹೆಪ್ಪಿಗೆ ಯಾರರ ಕೊಡ ಮಜ್ಜಿಗಿ ಹಾಕ್ತಾರೇನೋ?” ಎಂದು ಬೈದಳು. ಟ್ರಾಲಿ ನಿಲ್ಲುವ ಜಾಗ ಬದುವಿನ ಮೂಲೆಯೊಂದೇ. ಅಲ್ಲಿಯೇ ಅಗೆದು ತುಂಬಿದೆವು. ಹನ್ನೊಂದು ಗಿಡ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾದವು. ಅಗೆಯುವವರಿಗೆ ಬೇರೆ ಜಾಗ ತೋರಿಸಿದರೆ ಯಾಕೆಂದು ಕೇಳುತ್ತಾರೆ ಎಂದು ಸುಮ್ಮನಾದೆ. ತೊಯ್ದ ಗೋಣಿ ಹೊದಿಸಿ, ಮೇಲೆ ನಮ್ಮ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಚೆಲ್ಲಿ, “ಏಳು ಕೋಟಿಗೋ” ಎಂದು ಕೂಗಿ ಕಳಿಸಿದೆ. ಊರೆಲ್ಲ ನೋಡಿತು. ಕೃಷ್ಣೆ ದಾಟಿ, ಗದ್ವಾಲ ದಾಟಿ ಕರಿಮಣ್ಣು ಕೆಂಪು ನೆಲಕ್ಕೆ ಹೋಯಿತು.

ಮೊದಲ ವರ್ಷ ಅವಳ ಹೊಲ ಎದ್ದು ನಿಂತಿತು. ಮಲ್ಲಮ್ಮ ಒಂದು ಗಿಡ ಬೇರುಸಹಿತ ಕಿತ್ತು, ಗಂಟು ಒಂದನ್ನು ಉಗುರಿನಿಂದ ಸೀಳಿ, ಒಳಗೆ ಕೆಂಪಗಿದೆ, ಜೀವ ಹಿಡಿದಿದೆ ಎಂದು ಫೋನಿನಲ್ಲಿ ಕೂಗಿ ಹೇಳಿದಳು. “ಕೈ ವಾಸಿ ಆಗ್ಯಾವ ಅಣ್ಣಾ, ಬಳಿ ಇಟಗೊಂಡೀನಿ” ಎಂದೂ ಹೇಳಿದಳು. ಕೊನೆಯಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಒಣಗಿತ್ತಂತೆ, ಅವಳು ಅದನ್ನು ದೊಡ್ಡದು ಮಾಡಲಿಲ್ಲ, ನಾನೂ ಕೇಳಲಿಲ್ಲ. ಎರಡನೆಯ ವರ್ಷ ಏನು ಹಾಕಲಿ ಎಂದು ಕೇಳಿದಾಗ, “ನೆಲಕ್ಕ ತೊಗರಿ ರುಚಿ ಹತ್ತೈತಿ, ಈಗ ಬಿಡಬ್ಯಾಡ, ಮತ್ತ ತೊಗರೀನ ಹಾಕು” ಎಂದೆ.

ನಾನು ಹೇಳಹೊರಟದ್ದು ಆ ಎರಡನೆಯ ವರ್ಷವನ್ನು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅವಳ ಫೋನು ಬಂತು. “ಅಣ್ಣಾ, ಗಿಡ ತಲಿ ಹಾಕಾಕ ಹತ್ಯಾವ. ನೆಲ ನೋಡಿದ್ರ ಹಸೀನ ಐತಿ. ಹೂ ಹಂಗ ಇರ್ತಾವು, ಎಲಿ ಜೋತು ಬೀಳ್ತಾವು.” ನಾನು ಅಂದೇ ಹೊರಟೆ. ಹೋಗಿ ನೋಡಿದರೆ ಹೊಲದ ನಡುವೆ ನಾಲ್ಕು ಕಡೆ, ಹಾಸಿಗೆಯಷ್ಟಗಲ ಒಣಗಿತ್ತು. ಆ ವರ್ಷ ಮಳೆಗೆ ಏನೂ ಕೊರತೆ ಇರಲಿಲ್ಲ. ಬಗ್ಗಿ ಮಣ್ಣು ಹಿಡಿದರೆ ಮುದ್ದೆಯಾಗುತ್ತಿತ್ತು. ಕಾಂಡದ ಮೇಲೆ ಬುಡದಿಂದ ಒಂದು ನೇರಳೆ ಪಟ್ಟೆ ಏರಿತ್ತು. ನಾನು ಕಿತ್ತೆಸೆದ ಗಿಡಗಳಿಗೂ ಅದೇ ಪಟ್ಟೆ ಇತ್ತು.

“ಏನಿದು ಬಾವಾ?” ಎಂದು ನರಸಪ್ಪ ಕೇಳಿದ.

“ನೀರು ಕಮ್ಮಿ ಆಗೈತಿ” ಎಂದೆ. ಬಾಯಿಗೆ ಬಂದದ್ದು ಅದು.

ನೀರು ಬಿಟ್ಟರು. ವಾರದೊಳಗೆ ನೀರು ಹರಿದ ಸಾಲುಗುಂಟ ಗಿಡ ಬಾಡಿದವು. ಆಗ ನನಗೆ ನಿದ್ದೆ, ಊಟ ಎರಡೂ ಹೋದವು. ನನ್ನ ಹೊಲದಲ್ಲೂ ಮೂಲೆಯಿಂದ ಹಬ್ಬುತ್ತಿತ್ತು, ಅದರ ಕಡೆ ತಿರುಗಿ ನೋಡಲಿಲ್ಲ. ವಾರಕ್ಕೆರಡು ಸಲ ಗಟ್ಟಿಗೆ ಓಡಿದೆ. ಅಂಗಡಿಯವನು ಕೊಟ್ಟ ತಾಮ್ರದ ಔಷಧ ಬುಡಬುಡಕ್ಕೆ ಸುರಿದೆ. ಒಲೆಯ ಬೂದಿ ಹಾಕಿದೆ, ಸುಣ್ಣ ಹಾಕಿದೆ, ಹುಳಿ ಮಜ್ಜಿಗೆ ಹಾಕಿದೆ. ಮಂಡಿಯ ಮೇಲೆ ಕುಳಿತು ಸಾಲಿನಿಂದ ಸಾಲಿಗೆ ತೆವಳಿದೆ. ಇವತ್ತು ಹಸಿರಿದ್ದ ಗಿಡ ನಾಳೆ ಎಲೆ ಮುಚ್ಚುತ್ತಿತ್ತು. ಮಲ್ಲಮ್ಮ ಹಿಂದೆಯೇ ಕೊಡ ಹೊತ್ತು ಬರುತ್ತಿದ್ದಳು. ಒಂದು ಸಲವೂ ನನ್ನನ್ನು ಸಂಶಯದಿಂದ ನೋಡಲಿಲ್ಲ. ಅವಳು ನೋಡಿದ್ದರೆ ಚೆನ್ನಾಗಿತ್ತು.

ನರಸಪ್ಪ ಬೇವಿನ ನೆರಳಲ್ಲಿ ಕುಳಿತು ಹೇಳುತ್ತಿದ್ದ: “ಬಾವಾ, ಒಂದಿಷ್ಟು ಇರಲಿ ಆ ಬೂದಿ. ನನಗೂ ಹಣಿಗೆ ಹಚ್ಚಿಗೊಳ್ಳಾಕ ಬೇಕಾಗತೈತಿ.”

ಮಂಡಲ ಕಚೇರಿಯಿಂದ ಕೃಷಿಯ ಮೇಡಂ ಬಂದರು. ತೆಲುಗಿನವರು, ರಾಯಚೂರಿನಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಒಂದು ಕಾಂಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ಮಸಿಯಲ್ಲಿ ಎಳೆದಂಥ ಕಪ್ಪು ಗೆರೆ.

“ಇದು ಸೊರಗು ರೋಗ ರೀ. ಒಂದು ನಮೂನಿ ಬೂಷ್ಟು. ಮಣ್ಣಾಗ ಇರ್ತದ, ತೊಗರಿ ಬೇರಿಗೆ ಕಾಯ್ತದ. ಬೇರಿನೊಳಗ ಹೊಕ್ಕು ನೀರಿನ ನಾಳ ಕಟ್ತದ. ಅದಕ್ಕ ನೆಲ ಹಸಿ ಇದ್ರೂ ಗಿಡ ಬಾಡೋದು. ಈಗ ಏನು ಸುರಿದ್ರೂ ದಂಡ. ಆದ್ರ...” ಎಂದು ಅವರು ಹೊಲದ ಕಡೆ ನೋಡಿದರು. “ಇದು ತೊಗರಿ ಕಂಡ ನೆಲ ಅಲ್ಲ ಅಂತೀರಿ. ಎರಡೇ ವರ್ಷಕ್ಕ ಇಷ್ಟು ಹ್ಯಾಂಗ ಬಂತು? ಮಣ್ಣು ಎಲ್ಲಿಂದರ ತಂದಿದ್ರೇನು?”

ಮಲ್ಲಮ್ಮ ಕೊಡ ಕೆಳಗಿಟ್ಟಳು. “ತಂದಿದ್ವಿರಿ. ನಮ್ಮಣ್ಣನ ಹೊಲದ್ದು. ಆದ್ರ ಅದರಾಗ ರೋಗ ಇಲ್ಲರಿ ಮೇಡಂ. ಬೀರಪ್ಪನಾಣಿ. ನಾರಾಯಣಪ್ಯಾಟಿಗೇ ಗೊತ್ತೈತಿ ನಮ್ಮಣ್ಣನ ಹೊಲ. ಕೇಳ್ರಿ ಬೇಕಾರ, ಇಲ್ಲೇ ನಿಂತಾನಲ್ಲ.”

ಮೇಡಂ ನನ್ನ ಕಡೆ ನೋಡಿದರು. ನಾನು ಸೀಳಿದ ಕಾಂಡವನ್ನು ಕೈಗೆ ತೆಗೆದುಕೊಂಡು, ಮೊದಲ ಸಲ ನೋಡುವವನ ಹಾಗೆ ತಿರುವಿ ತಿರುವಿ ನೋಡಿದೆ.

ಅವರಿಗೆ ತಿಳಿಯಿತೋ ಏನೋ, ಮತ್ತೆ ಕೇಳಲಿಲ್ಲ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಹೇಳಿದರು: “ಗಂಟು ಕಟ್ಟೋ ಒಳ್ಳೆ ಜೀವಾನೂ ಮಣ್ಣಾಗ ಇರ್ತದ, ಈ ಬೂಷ್ಟೂ ಅದೇ ಮಣ್ಣಾಗ ಇರ್ತದ. ಬುಟ್ಟಿ ತುಂಬಿದ್ರ ಎರಡೂ ಬರ್ತಾವು. ವರ್ಷಾ ಒಂದೇ ಬೆಳಿ ಹಾಕಿದ್ರ ಇದಕ್ಕ ವರ್ಷಾ ಊಟ ಇಟ್ಟಂಗ. ಈ ಬುಡ ಎಲ್ಲಾ ಅಗದು ಸುಡ್ರಿ. ಆಮ್ಯಾಗ ಜೋಳ ಹಾಕ್ರಿ. ಇದಕ್ಕ ತಿನ್ನಾಕ ಬೇರು ಸಿಗಂಗಿಲ್ಲ. ಜೋಳದ ಬೇರಿನ ಸುತ್ತ ಬ್ಯಾರೆ ಜೀವ ಕೂಡ್ತಾವು, ಅವು ಇದನ್ನ ಒತ್ತರಸ್ತಾವು. ತೊಗರಿ ನೆಲಕ್ಕ ಬಿಟ್ಟ ಸಾರಜನಕಾನ ಜೋಳ ಉಣ್ತದ, ಗೊಬ್ಬರಾನೂ ಕಮ್ಮಿ ಸಾಕು.”

“ಎಷ್ಟು ವರ್ಷರಿ?” ಎಂದು ಮಲ್ಲಮ್ಮ ಕೇಳಿದಳು.

“ಎರಡಕ್ಕ ಕಮ್ಮಿ ಆಗ್ತದ. ಮೂರಾದ್ರ ನಂಬಬಹುದು.”

“ಮೂರು ವರ್ಷ ಜೋಳ!” ನರಸಪ್ಪ ಕೈ ತಟ್ಟಿ ನಕ್ಕ. “ಯಾರು ತಿಂತಾರ್ರೀ? ನಮ್ಮ ಮನ್ಯಾಗ ರೊಟ್ಟಿ ತಿನ್ನಾಕಿ ಈಕಿ ಒಬ್ಬಾಕಿ. ಉಳಿದದ್ದು ಗುಬ್ಬಿಗೆ.”

ಅಂದು ಊರಿಗೆ ಹೋಗುವಾಗ ದಾರಿಯುದ್ದಕ್ಕೂ ಹೇಳಬೇಕಾಗಿದ್ದ ಮಾತನ್ನು ಜೋಡಿಸಿದೆ. ಜೋಡಿಸಿದ್ದನ್ನು ಮತ್ತೆ ಕೆಡವಿದೆ. ಹೀಗೆ ತಿಂಗಳ ಮೇಲಾಯಿತು. ಗಟ್ಟಿಗೆ ಹೋಗುವುದನ್ನೂ ನಿಲ್ಲಿಸಿದೆ. ನನ್ನ ಹೊಲದಲ್ಲಿ ಅರ್ಧ ಗಿಡ ಸತ್ತಿದ್ದವು, ಬುಟ್ಟಿ ಹಿಡಿದು ಯಾರೂ ಬರಲಿಲ್ಲ.

ಎಳ್ಳಮಾಸೆಗೆ ಮಲ್ಲಮ್ಮ ಕರೆ ಕಳಿಸಿದಳು, ಅವ್ವನನ್ನು ಕರೆದುಕೊಂಡು ಹೋದೆ. ಅಂದು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಪೂಜೆ ಮಾಡಿ, ಭೂತಾಯಿಗೆ ಉಣ್ಣಿಸಬೇಕು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಎಲ್ಲ ಕಲೆಸಿದ ಚರಗವನ್ನು ಹೊಲದ ಸುತ್ತ ಚೆಲ್ಲಿ “ಹುಲ್ಲುಲ್ಲಿಗೋ” ಎಂದು ಕೂಗಬೇಕು. ಮೂರು ಎಕರೆಯಲ್ಲಿ ನಾಲ್ಕನೇ ಒಂದು ಪಾಲು ಹಸಿರು ಉಳಿದಿತ್ತು. ಉಳಿದದ್ದು ಕಟ್ಟಿಗೆ. ಗಾಳಿ ಬೀಸಿದರೆ ಒಣ ಗಿಡ ಗಿಲಕಿಯ ಹಾಗೆ ಸಪ್ಪಳ ಮಾಡುತ್ತಿದ್ದವು. ಚರಗದ ಬುಟ್ಟಿಯನ್ನು ನರಸಪ್ಪ ನನ್ನ ಕೈಗೇ ಕೊಟ್ಟ. “ಮಣ್ಣು ನಿಂದು ಬಾವಾ, ನೀನೇ ಉಣಿಸು.”

ನಾಲ್ಕು ಹೆಜ್ಜೆ ಹೋದೆ. ಕೂಗಲು ಬಾಯಿ ತೆಗೆದೆ. ಕೂಗದೆ ಒಂದು ಹಿಡಿ ಚರಗ ಒಣ ಬುಡಕ್ಕೆ ಚೆಲ್ಲಿದೆ. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಬರುತ್ತಿದ್ದ ಮಲ್ಲಮ್ಮ, “ಯಾಕೋ, ಕೂಗವಲ್ಲಿ?” ಎಂದಳು.

ಬುಟ್ಟಿ ಕೆಳಗಿಟ್ಟು ಹೇಳಿದೆ. ಹನ್ನೊಂದು ಗಿಡದ್ದು, ಮುಳ್ಳಿನಾಚೆ ಎಸೆದದ್ದು, ಅದೇ ಮೂಲೆಯಲ್ಲಿ ಮಣ್ಣು ತುಂಬಿದ್ದು. ಹೇಳಿ ಮುಗಿಸುವವರೆಗೆ ಅವಳು ತಂಬಿಗೆಯನ್ನೇ ನೋಡುತ್ತಿದ್ದಳು.

“ಅವತ್ತ ಗೊತ್ತಿತ್ತೇನು?”

“ರೋಗ ಅಂತ ಗೊತ್ತಿರಲಿಲ್ಲ.”

“ಏನೋ ಆಗೈತಿ ಅಂತ?”

“ಗೊತ್ತಿತ್ತು.”

“ಆ ಮೇಡಂ ಮುಂದ ಬೀರಪ್ಪನಾಣಿ ಇಟ್ಟೆ ನಾನು” ಎಂದಳು. ದನಿ ಏರಲಿಲ್ಲ. “ನೀ ಮಗ್ಗಲದಾಗ ನಿಂತಿದ್ದಿ. ಸುಳ್ಳು ಆಣಿ ಇಡಿಸಿ, ಕಟಿಗಿ ತಿರುವಿಕೋತ ನಿಂತಿ.” ತಿರುಗಿ ಗಂಡನನ್ನು ಕೂಗಿದಳು. “ಏ, ಇಲ್ಲಿ ಬರ್ರಿ. ಮಾಳಣ್ಣಾ, ಇವರ ಮುಂದ ಇನ್ನೊಮ್ಮೆ ಹೇಳು. ನಾ ನಿನ್ನ ಹೊಗಳಿದ್ದು ಇವರ ಮುಂದ.”

ಇನ್ನೊಮ್ಮೆ ಹೇಳಿದೆ. ಅವ್ವ ಕಲ್ಲುಗಳ ಹತ್ತಿರ ಕುಳಿತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡಳು. ನರಸಪ್ಪ ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಕೈಯೊಳಗಿನ ಕಡುಬು ತಿಂದು ಮುಗಿಸಿ ಬಾಯಿ ಒರೆಸಿಕೊಂಡ.

“ಸರೇ. ಹಂಗಾರ ಮಾತು ಮುಗೀತು. ಬರೋ ವರ್ಷ ಮೂರು ಎಕರೇನೂ ಸೀಡ್ ಹತ್ತಿ.”

ಆಗ ನಾನು ಬೇಡಿದೆ. ನನ್ನ ಜನ್ಮದಲ್ಲಿ ಒಬ್ಬರ ಮುಂದೆ ಬೇಡದವನು, ನನಗಿಂತ ಆರು ವರ್ಷ ಸಣ್ಣವನ ಎರಡೂ ಕೈ ಹಿಡಿದುಕೊಂಡೆ. “ಮೂರು ವರ್ಷ ಜೋಳಕ್ಕ ಬಿಡು ನರಸಪ್ಪ. ನಾನ ಬಂದು ಬುಡ ಕೀಳ್ತೀನಿ, ನಾನ ಬಿತ್ತತೀನಿ, ಹಕ್ಕಿ ಕಾಯ್ತೀನಿ, ಕೊಯ್ದು ರಾಶಿ ಮಾಡಿ ಕೊಡ್ತೀನಿ. ಆಕಿನ್ನ ಹತ್ತಿ ಸಾಲಿಗೆ ಹಚ್ಚಬ್ಯಾಡ. ಆಕಿ ಕೈ ನೋಡು.”

“ಕೈ ಬಿಡು ಬಾವಾ, ಎಲ್ಲಾರೂ ನೋಡ್ತಾರ.”

“ಬ್ಯಾಡ” ಎಂದು ಮಲ್ಲಮ್ಮ ನಡುವೆ ಬಂದಳು. ಹೇಳಿದ್ದು ನನಗೆ. “ನೀ ಈ ಹೊಲಕ್ಕ ಕಾಲಿಡಬ್ಯಾಡ. ನಿನ್ನ ಕೈಲಿಂದ ಒಂದು ಕಾಳೂ ಬ್ಯಾಡ.” ಆಮೇಲೆ ಗಂಡನ ಕಡೆ ತಿರುಗಿದಳು. “ನೋಡ್ರಿ, ಎರಡು ಎಕರೆ ಹತ್ತಿ ಹಾಕ್ರಿ. ನಾ ಸಾಲಿಗೆ ಇಳೀತೀನಿ, ಇಲ್ಲ ಅನ್ನಂಗಿಲ್ಲ. ಒಂದು ಎಕರೆ ಜೋಳಕ್ಕ ನನಗ ಬಿಡ್ರಿ. ಆ ಒಂದು ಎಕರೆ ನನ್ನ ಮಾತಿನಂಗ.”

ನರಸಪ್ಪ, “ಗುಬ್ಬಿ ನೀನ ಕಾಯಬೇಕು ಮತ್ತ” ಎಂದ. ಅದು ಅವನ ಒಪ್ಪಿಗೆ.

ಅವಳು ನೆಲದ ಮೇಲಿನ ಚರಗದ ಬುಟ್ಟಿ ಎತ್ತಿಕೊಂಡಳು. ಹೊಲದ ಸುತ್ತ ತಾನೇ ಚೆಲ್ಲುತ್ತ ಹೋದಳು, ತಾನೇ ಕೂಗಿದಳು. ಹೆಂಗಸರು ಕೂಗುವ ರೂಢಿ ನಮ್ಮಲ್ಲಿಲ್ಲ. ಪಕ್ಕದ ಹೊಲದವರು ಉಣ್ಣುವುದು ಬಿಟ್ಟು ಎದ್ದು ನಿಂತು ನೋಡಿದರು. ಅವ್ವನನ್ನು ಕರೆದುಕೊಂಡು ನಾನು ಊಟ ಮಾಡದೆ ಹೊರಟೆ.

ಆ ಮಳೆಗಾಲದಿಂದ ಮಲ್ಲಮ್ಮ ಮತ್ತೆ ಹತ್ತಿ ಸಾಲಿನಲ್ಲಿದ್ದಾಳೆ. ದಸರೆಗೆ ಅವ್ವನನ್ನು ನೋಡಲು ಬಂದಾಗ ಕೈಗೆ ಹಳೆಯ ಸೀರೆಯ ಬಟ್ಟೆ ಸುತ್ತಿಕೊಂಡಿದ್ದಳು, ಬಳೆ ತೆಗೆದಿಟ್ಟಿದ್ದಳು. ನಾನು ನೀರು ಕೊಟ್ಟರೆ ಎರಡು ಅಂಗೈ ನಡುವೆ ತಂಬಿಗೆ ಹಿಡಿದು ಕುಡಿದಳು, ಬೆರಳು ಮಡಚುತ್ತಿರಲಿಲ್ಲ. ಅವಳ ಒಂದು ಎಕರೆಯಲ್ಲಿ ಎರಡು ವರ್ಷ ಜೋಳ ಬಂತು. ಮೂರನೆಯ ವರ್ಷ ಜೋಳದ ನಡುವೆ ನಾಲ್ಕೇ ನಾಲ್ಕು ಸಾಲು ತೊಗರಿ ಅಕ್ಕಡಿ ಹಾಕಿದಳಂತೆ. ಬೀಜ ಕೃಷಿ ಕಚೇರಿಯಿಂದ ತಂದದ್ದು. ನಾಲ್ಕು ಸಾಲೂ ಬಾಡದೆ ನಿಂತವು. ಇದನ್ನು ನನಗೆ ಹೇಳಿದವನು ನರಸಪ್ಪ, ಫೋನಿನಲ್ಲಿ, ತಾನೇ ಬೆಳೆದ ಹಾಗೆ.

ನಾನೂ ಬುಡ ಅಗೆದು ಸುಟ್ಟೆ. ಜೋಳ ಹಾಕಿದೆ, ಮರುವರ್ಷ ಔಡಲ, ಮತ್ತೆ ಜೋಳ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ನಮ್ಮ ಕುಲದವರ ಕುರಿ ಹಿಂಡು ಹೊಲದಲ್ಲಿ ಕೂಡ್ರಿಸಿದೆ. ಜೋಳ ಕಿತ್ತ ಬುಡದಲ್ಲಿ ಮಣ್ಣು ಮತ್ತೆ ಉದುರುದುರಾಗಿದೆ, ಎರೆಹುಳು ಕಾಣುತ್ತವೆ, ಯೂರಿಯಾ ಮೊದಲಿನ ಅರ್ಧ ಸಾಕಾಗುತ್ತದೆ. ನೆಲ ತಿರುಗಿ ಬರುತ್ತಿದೆ ಎಂದು ಕೃಷಿ ಮೇಡಂ ಹೇಳಿದರು. ಇರಬಹುದು. ತೊಗರಿ ಹಾಕಲು ಮಾತ್ರ ನನ್ನ ಕೈ ಏಳುವುದಿಲ್ಲ.

ಈಗ ನನಗಿರುವುದು ಇಷ್ಟು. ಕರಿ ನೆಲ ನಾಲ್ಕು ಎಕರೆ, ಅದರಲ್ಲಿ ಈ ವರ್ಷ ಜೋಳ ಎರಡು, ಕಡಲೆ ಒಂದು, ಔಡಲ ಒಂದು. ಎತ್ತು ಎರಡು. ಕುರಿ ಹದಿನಾಲ್ಕು. ಅವ್ವ ಇದ್ದಾಳೆ. ತಂಗಿ ಒಬ್ಬಳು. ವರ್ಷಕ್ಕೊಮ್ಮೆ ಬರುತ್ತಾಳೆ, ಮನೆಯಲ್ಲಿ ಉಣ್ಣುತ್ತಾಳೆ, ಹೊಲದ ಕಡೆ ಬರುವುದಿಲ್ಲ.